ಬುಟ್ಟಿಗೆ ಸುರಿದ ಒಂದು ಕೊಡ ನೀರು

ನಾನು ಚಿಕ್ಕವಳಿದ್ದಾಗ, ಒನಕೆ ನನಗಿಂತ ಎತ್ತರವಿದ್ದ ಕಾಲಕ್ಕೆ, ಕುಪ್ಪೇಲೂರಿನ ನಮ್ಮ ಮನೆಯಲ್ಲಿ ದಿನಾ ಗೋವಿನಜೋಳದ ನುಚ್ಚು. ಆ ಕಾಳಿನ ಸಿಪ್ಪೆ ದಪ್ಪ, ಹಾಗೇ ಬೇಯಿಸಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಕಾಳಿಗೆ ನೀರು ಚಿಮುಕಿಸಿ, ಒದ್ದೆ ಅರಿವೆ ಮುಚ್ಚಿಟ್ಟು, ಆಮೇಲೆ ಒರಳಿಗೆ ಹಾಕಿ ಕುಟ್ಟಬೇಕು. ಸಿಪ್ಪೆ ಬಿಟ್ಟ ಮೇಲೆ ಮೊರದಲ್ಲಿ ಕೇರಿ, ಒಡೆದು, ಬೇಯಿಸಬೇಕು. ನೀರನ್ನು ಮಾತ್ರ ಒಂದು ಹೊತ್ತಿಗೆ ಬೇಕಾದಷ್ಟು ಕಾಳಿಗೇ ಹಾಕಬೇಕು. ನೆನೆದ ಕಾಳು ಮರುದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ.

ಅಂದು ಅಪ್ಪ ರಾಣೆಬೆನ್ನೂರಿನ ಸಂತೆಗೆ ಬಂಡಿ ಹೂಡುವವನಿದ್ದ. ನನ್ನನ್ನು ಕರೆದುಕೊಂಡು ಹೋಗಿ ಚಪ್ಪಲಿ ಕೊಡಿಸುತ್ತೇನೆ ಎಂದಿದ್ದ. ಅಲ್ಲಿಯವರೆಗೆ ನನ್ನ ಕಾಲು ಚಪ್ಪಲಿ ಕಂಡಿರಲಿಲ್ಲ. ಅವ್ವ, ಎರಡು ಸೇರು ಕಾಳು ಕುಟ್ಟಿಟ್ಟು ಹೋಗು ಎಂದಳು.

ನನಗೆ ಅವಸರ. ನೀರು ಜಾಸ್ತಿಯಾದರೆ ಸಿಪ್ಪೆ ತಾನೇ ಬಿಡುತ್ತದೆ ಎಂದು ಅಕ್ಕನಿಗೆ ಜಂಬದಿಂದ ಹೇಳಿ, ಕಾಳು ಅಳೆಯುವ ಗೊಡವೆಗೂ ಹೋಗದೆ, ಇಡೀ ಬುಟ್ಟಿಗೇ ಒಂದು ಕೊಡ ನೀರು ಸುರಿದೆ. ಬುಟ್ಟಿಯಲ್ಲಿದ್ದದ್ದು ವಾರದ ಕಾಳು.

ಅವ್ವ ಬಂದು ನೋಡಿದಳು. ಹೊಡೆದಿದ್ದರೆ ಅತ್ತು ಮುಗಿಸುತ್ತಿದ್ದೆ. ಹೊಡೆಯಲಿಲ್ಲ.

“ನೀರ ಹಾಕಿದಾಕಿ ನೀನು. ಕುಟ್ಟಾಕಿನೂ ನೀನ.”

ನಮ್ಮ ಮನೆಯ ರೀತಿ ಅದು. ಒಬ್ಬಳು ನೆನೆಸಿದ ಕಾಳಿಗೆ ಇನ್ನೊಬ್ಬಳು ಒನಕೆ ಹಿಡಿಯುವಂತಿರಲಿಲ್ಲ. ಬಂಡಿ ಬಾಗಿಲಿಗೆ ಬಂತು. ನಾಳೆ ಹೋಗೋಣ ಎಂದು ಗೋಗರೆದೆ. ಸಂತೆ ನನಗಾಗಿ ಕಾಯುತ್ತದೆಯೇ ಎಂದು ಅಪ್ಪ ಕೇಳಿದ. ದಂಟಿನ ಚೂರೊಂದನ್ನು ನನ್ನ ಪಾದದ ಉದ್ದಕ್ಕೆ ಮುರಿದು ಅಳತೆಗೆಂದು ತಲೆಯ ರುಮಾಲಿಗೆ ಸಿಕ್ಕಿಸಿಕೊಂಡ. ನನ್ನ ಜಾಗದಲ್ಲಿ ಅಕ್ಕ ಹತ್ತಿ ಕುಂತಳು.

“ಸಿಪ್ಪಿ ತಾನ ಬಿಡತೈತಿ ಅಂದ್ಯಲ್ಲವಾ, ನೋಡಕೋಂತ ಕುಂದ್ರು,” ಎಂದು ನಕ್ಕಳು.

ನೀರು ಕುಡಿದ ಕಾಳು ಒನಕೆಗೆ ಸಿಗದೆ ಜಾರಿತು, ಸಿಡಿದು ಮುಖಕ್ಕೆ ಹೊಡೆಯಿತು, ಸಿಕ್ಕಿದ್ದು ಹಿಟ್ಟಾಗಿ ಒರಳಿಗೆ ಅಂಟಿತು. ಅಳುತ್ತಾ ಕುಟ್ಟಿದೆ, ಎಲ್ಲರನ್ನೂ ಬೈಯುತ್ತಾ ಕುಟ್ಟಿದೆ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಬಂಡಿ ತಿರುಗಿ ಬಂದಾಗ ಬುಟ್ಟಿಯಲ್ಲಿ ಇನ್ನೂ ಕಾಲುಭಾಗ ಉಳಿದಿತ್ತು. ಅಪ್ಪನ ರುಮಾಲಿನಿಂದ ಅಳತೆಯ ಕಡ್ಡಿ ದಾರಿಯಲ್ಲೇ ಬಿದ್ದುಹೋಗಿತ್ತಂತೆ. ಅಂದಾಜಿನ ಮೇಲೆ ತಂದ ಚಪ್ಪಲಿ ನನಗೆ ದೊಡ್ಡವಾದವು. ಅಕ್ಕನಿಗೆ ಸರಿಯಾದವು. ಅವಳೇ ಹಾಕಿಕೊಂಡಳು.

ಈಗ ಮೊಮ್ಮಕ್ಕಳು ನೀವು ಫೋನಿನಲ್ಲಿ ಚಪ್ಪಲಿ ತರಿಸುತ್ತೀರಿ, ಅಳತೆ ಕೂಡದಿದ್ದರೆ ವಾಪಸ್ ಕಳಿಸುತ್ತೀರಿ. ಕಾಳನ್ನು ಗಿರಣಿಯವನು ಸಿಪ್ಪೆ ತೆಗೆದು, ಒಡೆದು ಕೊಡುತ್ತಾನೆ. ಒಳ್ಳೆಯದೇ ಆಯಿತು. ಆದರೂ ಗಿರಣಿಯ ನುಚ್ಚು ಉಣ್ಣುತ್ತಾ, ಒನಕೆಯಲ್ಲಿ ಕುಟ್ಟಿದ್ದರ ರುಚಿಯೇ ಬೇರೆಯಂತೆ, ಹೌದೇನಜ್ಜಿ ಎಂದು ಕೇಳುತ್ತೀರಿ. ದಿನಾ ಉಂಡದ್ದು ಮರೆತಿದೆ, ನೆನಪಿರುವುದು ಆ ಬುಟ್ಟಿಯೊಂದೇ, ಅದರ ರುಚಿ ನನಗೇನು ಗೊತ್ತು? ಗುಳ್ಳೆ ಒಡೆದ ಕೈಯಿಂದ ಬಿಸಿ ನುಚ್ಚು ಮುಟ್ಟಲಾಗದೆ ಅಂದು ನಾನು ಉಣ್ಣಲೇ ಇಲ್ಲ.