ಎಡಗಡೆಯ ಕಲೆ

ಔಷಧಿ ಅಂಗಡಿಗೂ ಚಪ್ಪಲಿ ರಿಪೇರಿಯವನ ಪೆಟ್ಟಿಗೆಗೂ ನಡುವೆ ಒಂದೇ ಬಾಗಿಲಿನ ಹೊಲಿಗೆ ಅಂಗಡಿ. ಅಲ್ಲಿ ಕೂರುವ ಹೆಂಗಸನ್ನು ಬೀದಿಯವರು ಕರೆಯುವುದು ಉಲ್ಟಾ ಟೈಲರಮ್ಮ ಎಂದು. ಆಕೆಗೆ ಅದರಿಂದ ಬೇಸರವಿಲ್ಲ. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಮಗ್ಗುಲು ಹೊರಗೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು, ಆಮೇಲೆಯೇ ಕತ್ತರಿ. "ಹೊರಗಡೆ ಬಟ್ಟೆ ಸುಳ್ಳು ಹೇಳುತ್ತೆ ಕಣ್ರೀ, ಒಳಗಡೆ ಹೇಳಲ್ಲ" ಎನ್ನುವುದು ಆಕೆಯ ಮಾತು. ಯಾರ ಮೈ ಇಳಿಯಿತು, ಯಾರಿಗೆ ಬಸಿರು ನಿಂತಿತು, ಯಾರು ಗುಟ್ಟಾಗಿ ತಮ್ಮ ಕೈಯಿಂದಲೇ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡರು, ಎಲ್ಲ ಆಕೆಗೆ ಗೊತ್ತಾಗುತ್ತಿತ್ತು. ಆದರೆ ಒಬ್ಬರದು ಇನ್ನೊಬ್ಬರ ಕಿವಿಗೆ ಬಿದ್ದದ್ದಿಲ್ಲ. ಪರದೆಯ ಹಿಂದೆ ರವಿಕೆ ಹಾಕಿ ನೋಡುತ್ತಾ ಹೆಂಗಸರು ಏನೇನೋ ಹೇಳಿಕೊಳ್ಳುತ್ತಾರೆ. ಆಕೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೂಂಗುಡುತ್ತಾಳೆ, ಅಷ್ಟೇ.

ಆಕೆಯ ಗಂಡನ ತಂಗಿಗೆ ಬೇಕರಿಯಲ್ಲಿ ಕೆಲಸ. ತನ್ನ ಗಂಡ ತೀರಿಕೊಂಡ ಮೇಲೆ ಅವಳು ಪಕ್ಕದ ಬೀದಿಯಲ್ಲೇ ಕೋಣೆ ಹಿಡಿದಿದ್ದಳು. ದಿನವಿಡೀ ಒಲೆಯ ಮುಂದೆ ಬ್ರೆಡ್ಡಿನ ತಟ್ಟೆ ಎಳೆದು ಎಳೆದು ತೋಳು ಗಂಡಸರ ತೋಳಿನಂತಾಗಿತ್ತು. ಆಕೆಯ ನಾಲಿಗೆಗೆ ಮಾತ್ರ ಎಲುಬಿರಲಿಲ್ಲ. ಅತ್ತಿಗೆಯ ಹೊಲಿಗೆಯಲ್ಲಿ ಹುಳುಕು ಹುಡುಕದಿದ್ದರೆ ಆ ನಾದಿನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಂದವಳೇ ರವಿಕೆಯನ್ನು ಮೆಷಿನ್ನಿನ ಮೇಲೆ ಎಸೆದಳು.

"ಅತ್ತಿಗೆ, ಏನು ಹೊಲಿದಿದ್ದೀಯ ಇದನ್ನ? ಎಡಗಡೆ ಚುಚ್ಚುತ್ತೆ. ಕೆರೆದು ಕೆರೆದು ಸಾಕಾಯ್ತು ನಂಗೆ."

ಟೈಲರಮ್ಮ ತಿರುವಿ ನೋಡಿದಳು. ಎದೆಯ ಉಬ್ಬಿಗೆ ಸರಿಯಾಗಿ ಬಟ್ಟೆ ಮಡಿಸಿ ಹೊಲಿಯುವ ಕಡೆ, ಆ ಹೊಲಿಗೆಯ ತುದಿಯಲ್ಲಿ, ದಾರದ ಗಂಟು ಒರಟಾಗಿ ನಿಂತಿತ್ತು. ಅದರ ಪಕ್ಕದಲ್ಲೇ ಹಳದಿ ಬಣ್ಣದ ಸಣ್ಣ ಕಲೆ. ಒಗೆದರೂ ಪೂರ್ತಿ ಹೋಗಿರಲಿಲ್ಲ. ಆಕೆಯ ಮುಖ ಸಣ್ಣದಾಯಿತು. ಊರಿನವರ ಬಟ್ಟೆ ನೋಡುವವಳು ಮನೆಯವಳ ರವಿಕೆಯಲ್ಲೇ ಗಂಟು ಬಿಟ್ಟೆನಲ್ಲ!

"ಬಿಡು, ಸರಿ ಮಾಡಿ ಕೊಡ್ತೀನಿ" ಎಂದಳು.

ಗಂಟು ತೆಗೆದು, ಒಳಗೆ ಹಳೆಯ ಮೆತ್ತನೆ ಹತ್ತಿಬಟ್ಟೆಯ ಪದರ ಕೊಟ್ಟಳು. ಸ್ವಲ್ಪ ದಿನಕ್ಕೆ ಅದೇ ರವಿಕೆ ವಾಪಸ್ಸು ಬಂತು, ಅದೇ ದೂರಿನ ಜೊತೆಗೆ. ಹೊಲಿಗೆಯನ್ನು ಪಕ್ಕಕ್ಕೆ ಸರಿಸಿ ಕೊಟ್ಟಳು. ಮತ್ತೆ ಬಂತು. ನಡುವೆ ನಾದಿನಿ ಔಷಧಿ ಅಂಗಡಿಯಿಂದ ಕಜ್ಜಿಯ ಮುಲಾಮು ತಂದು ಹಚ್ಚಿಕೊಂಡಿದ್ದಳು. ಹಚ್ಚಿದಾಗ ತುಸು ತಣ್ಣಗಾಗಿ, ಬಿಟ್ಟ ಕೂಡಲೇ ಮೊದಲಿನ ಹಾಗೇ.

"ಒಲೆ ಕಾವು ಇರಬಹುದು" ಎಂದಳು ಟೈಲರಮ್ಮ.

"ಒಲೆ ಎಡಗಡೆ ಮಾತ್ರ ಸುಡುತ್ತಾ? ನಿನ್ನ ಹೊಲಿಗೆ ಮುಚ್ಚಿಡೋಕೆ ನನ್ನ ಒಲೆ ಮೇಲೆ ಹಾಕ್ಬೇಡ!"

ಜಗಳಕ್ಕೆಂದು ಆಡಿದ ಮಾತು ಅದು. ಅದರೊಳಗಿನ ಸುಳಿವು ಆಡಿದವಳಿಗೂ ಹೊಳೆಯಲಿಲ್ಲ, ಕೇಳಿದವಳಿಗೂ ಹೊಳೆಯಲಿಲ್ಲ. ಟೈಲರಮ್ಮನಿಗೆ ಛಲ ಬಂದಿತ್ತು. ಎದೆಯ ಭಾಗದಲ್ಲಿ ಹೊಲಿಗೆಯೇ ಬಾರದಂತೆ ಒಂದು ರವಿಕೆ ಕತ್ತರಿಸಿಯೇ ಸೈ ಎಂದು ಕೂತಳು. ಹೇಳಿದಷ್ಟು ಸುಲಭದ ಕೆಲಸ ಅದಲ್ಲ. ಹೊಲಿಗೆ ಇಲ್ಲದೆ ಬಟ್ಟೆಗೆ ಉಬ್ಬು ಬರಿಸಬೇಕೆಂದರೆ ಬಟ್ಟೆಯನ್ನು ಓರೆಯಾಗಿ ಹಿಡಿದು, ತೋಳಿನ ಕೆಳಗೆಲ್ಲೋ ನೆರಿಗೆ ಅಡಗಿಸಬೇಕು. ಹಳೆ ಹಾಸಿಗೆ ಹೊದಿಕೆಯನ್ನು ಕತ್ತರಿಸಿ, ಕೆಡಿಸಿ, ಮತ್ತೆ ಕತ್ತರಿಸಿ ಕಲಿತಳು. ಮುಗಿದಾಗ ಎದೆಯ ಭಾಗ ಎರಡೂ ಕಡೆ ಹಾಲಿನ ಕೆನೆಯಂತೆ ನುಣ್ಣಗಿತ್ತು. ಇಷ್ಟು ಒಳ್ಳೆಯ ಕೆಲಸ ತಾನು ಮಾಡಿದ್ದೇ ಇಲ್ಲ ಎಂದು ಆಕೆಗೇ ಅನಿಸಿತು.

ಅದೂ ವಾಪಸ್ಸು ಬಂತು.

ತಿರುವಿ ಕಿಟಕಿಗೆ ಹಿಡಿದಳು. ಬಲಗಡೆ ತೊಳೆದ ತಟ್ಟೆಯಂತಿತ್ತು. ಎಡಗಡೆ ಅದೇ ಜಾಗದಲ್ಲಿ ಅದೇ ಹಳದಿ ಕಲೆ, ಅದರ ನಡುವೆ ಈಗ ಸಾಸಿವೆಯಷ್ಟು ಕೆಂಪು. ಹೊಲಿಗೆಯೇ ಇಲ್ಲದ ಕಡೆ ಹೊಲಿಗೆ ಚುಚ್ಚುವುದೆಂತು?

ಹಿಂದೊಮ್ಮೆ ಪರದೆಯ ಹಿಂದೆ ನಿಂತು ಒಬ್ಬ ಗಿರಾಕಿ ಹೇಳಿದ ಮಾತು ನೆನಪಾಯಿತು. ಆಕೆಗೆ ಒಂದು ಕಡೆ ಎದೆ ತೆಗೆದಿದ್ದರು. ಹತ್ತಿ ತುಂಬಿದ ರವಿಕೆ ಹೊಲಿಸಲು ಬಂದಿದ್ದಳು. "ಕಜ್ಜಿ ಅಂದ್ಕೊಂಡೆ ಕಣಮ್ಮ. ಒಂದೇ ಕಡೆ ಇತ್ತು. ನಾಚಿಕೆ ಅಂತ ಯಾರಿಗೂ ತೋರಿಸ್ಲಿಲ್ಲ" ಎಂದಿದ್ದಳು. ಟೈಲರಮ್ಮ ಸೂಜಿ ಕಚ್ಚಿಕೊಂಡೇ ಹೂಂಗುಟ್ಟಿದ್ದಳು. ನಾದಿನಿ ಮೊದಲ ದಿನದಿಂದ ಹೇಳುತ್ತಿದ್ದದ್ದೂ ಅದನ್ನೇ: ಎಡಗಡೆ, ಎಡಗಡೆ. ತಾನು ಬಟ್ಟೆಯನ್ನು ಸರಿಮಾಡುತ್ತಾ ಕೂತಿದ್ದೆನಲ್ಲ!

ಅಂಗಡಿಯ ಬಾಗಿಲೆಳೆದು ನೇರ ಬೇಕರಿಯ ಹಿತ್ತಲ ಬಾಗಿಲಿಗೆ ನಡೆದಳು. ನಾದಿನಿ ತಟ್ಟೆಗಳನ್ನು ಆರಲು ಇಡುತ್ತಿದ್ದಳು.

"ಏನತ್ತಿಗೆ, ಬನ್ ಬೇಕಾ?"

"ನಿನ್ನ ಎಡಗಡೆ ಪಾಯಿಂಟು ತೋರಿಸು."

ಅಳತೆ ತೆಗೆಯುವವರು ಭುಜದಿಂದ ಮೊಲೆತೊಟ್ಟಿನವರೆಗೆ ಟೇಪು ಹಿಡಿಯುತ್ತಾರೆ. ಆ ತೊಟ್ಟಿಗೆ ಅವರ ಬಾಯಲ್ಲಿ ಪಾಯಿಂಟು ಎಂದೇ ಹೆಸರು. ಬೇರೆ ಯಾವ ಮಾತೂ ಟೈಲರಮ್ಮನ ಬಾಯಿಗೆ ಆ ಹೊತ್ತಿನಲ್ಲಿ ಬರಲಿಲ್ಲ.

"ಥೂ! ಬ್ರೆಡ್ಡಿನ ಮುಂದೆ ಬಟ್ಟೆ ಬಿಚ್ಲಾ? ಹುಚ್ಚು ಗಿಚ್ಚು ಹಿಡೀತಾ ನಿಂಗೆ?"

"ಹಿಟ್ಟಿನ ಕೋಣೆಗೆ ಬಾ."

"ಬರಲ್ಲ. ತಪ್ಪು ನಿನ್ನ ಹೊಲಿಗೇದು, ಈಗ ರೋಗ ನನ್ನ ಮೇಲೆ ಹೊರಿಸ್ತೀಯಾ?"

"ಆಗ್ಲಿ, ನಂದೇ ತಪ್ಪು. ಡಾಕ್ಟರಮ್ಮ ನೋಡಿ, ಇದು ಹೊಲಿಗೆ ತಪ್ಪು ಅಂದ್ರೆ ನಾನೇ ನಡುಬೀದೀಲಿ ನಿಂತು, ನನಗೆ ಹೊಲಿಯೋಕೆ ಬರಲ್ಲ ಅಂತ ಕೂಗ್ತೀನಿ. ನೀನು ಪಕ್ಕದಲ್ಲಿ ನಿಂತು ತಟ್ಟೆ ಬಡಿ."

ಅತ್ತಿಗೆಗೆ ತನ್ನ ಹೊಲಿಗೆಯ ಮೇಲಿದ್ದ ಅಭಿಮಾನ ನಾದಿನಿಗೆ ಗೊತ್ತಿತ್ತು. ಆ ಅಭಿಮಾನವನ್ನೇ ಪಣಕ್ಕಿಟ್ಟಳೆಂದ ಮೇಲೆ ಆಕೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಅತ್ತಿಗೆಯ ಹಿಂದೆ ಬಂದಳು.

ಮೈದಾ ಮೂಟೆಗಳ ನಡುವೆ ನಿಂತು ಗುಂಡಿ ಬಿಚ್ಚಿದಳು. ಎಡದ ತೊಟ್ಟು ಒಳಕ್ಕೆ ಅದುಮಿದಂತೆ ಚಪ್ಪಟೆಯಾಗಿತ್ತು, ಮೇಲೆ ಹಕ್ಕಳೆ. ಸುತ್ತಲಿನ ಕಂದು ವೃತ್ತದಲ್ಲಿ ಅರ್ಧದಷ್ಟು ಬಿಸಿನೀರು ಬಿದ್ದ ಚರ್ಮದಂತೆ ಕೆಂಪಗೆ, ಒದ್ದೆಯಾಗಿ, ಹೊಟ್ಟು ಹೊಟ್ಟಾಗಿತ್ತು. ಬಲಗಡೆ ಏನೂ ಇರಲಿಲ್ಲ.

"ನಾಳೆ ಹೋಗೋಣ" ಎಂದಳು ನಾದಿನಿ.

"ಇವತ್ತು" ಎಂದಳು ಟೈಲರಮ್ಮ.

ಆಸ್ಪತ್ರೆಯ ಡಾಕ್ಟರಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಮುಟ್ಟಿದರು. ಕಂಕುಳಲ್ಲಿ ಗಂಟೇನಾದರೂ ಇದೆಯೇ ಎಂದು ಒತ್ತಿ ನೋಡಿದರು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

"ನೋಡಮ್ಮ, ಬರೀ ಕಜ್ಜಿ ಆದ್ರೆ ಸಾಮಾನ್ಯವಾಗಿ ಮುಲಾಮಿಗೆ ಬಗ್ಗುತ್ತೆ, ಎಷ್ಟೋ ಸಲ ಎರಡೂ ಕಡೆ ಬರುತ್ತೆ. ಒಂದೇ ಕಡೆ, ಅದೂ ತೊಟ್ಟಿನಿಂದ ಶುರುವಾಗಿ ಸುತ್ತ ಹರಡಿ, ಮುಲಾಮಿಗೂ ಬಗ್ಗದಿದ್ರೆ ಒಂದು ಚೂರು ಚರ್ಮ ತೆಗೆದು ಪರೀಕ್ಷೆ ಮಾಡ್ಲೇಬೇಕು."

ಮರಗಟ್ಟಿಸುವ ಸೂಜಿ ಚುಚ್ಚಿ, ಬೆಲ್ಟಿಗೆ ತೂತು ಹಾಕುವಂಥ ಸಣ್ಣ ಕೊಳವೆಯಿಂದ ಕಾಳಿನಷ್ಟು ಚರ್ಮ ತೆಗೆದರು. ಯಂತ್ರದಿಂದ ಎದೆಯ ಒಳಗಿನ ಫೋಟೋ ಹಿಡಿದರು. ಫಲಿತಾಂಶ ಬಂದ ದಿನ ಅತ್ತಿಗೆ ನಾದಿನಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೈಹಿಡಿದು ಕೂತಿದ್ದರು. ಹಾಗೆ ಕೂತದ್ದು ಅದೇ ಮೊದಲು. ಕಜ್ಜಿಯ ವೇಷದಲ್ಲಿ ಬರುವ ಕ್ಯಾನ್ಸರ್ ಅದು. ತೊಟ್ಟಿನ ಚರ್ಮದಲ್ಲಿ ಮತ್ತು ಅದರ ಹಿಂದಿನ ಹಾಲಿನ ನಾಳಗಳಲ್ಲಿ ಇದೆ, ಆಚೆ ಹಬ್ಬಿದ ಗುರುತಿಲ್ಲ ಎಂದರು ಡಾಕ್ಟರಮ್ಮ. ತೊಟ್ಟನ್ನೂ ಸುತ್ತಲಿನ ವೃತ್ತವನ್ನೂ ಹಿಂದಿನ ಸ್ವಲ್ಪ ಮಾಂಸವನ್ನೂ ತೆಗೆಯಬೇಕು, ಆಮೇಲೆ ಕಿರಣದ ಚಿಕಿತ್ಸೆ. ಉಳಿದ ಎದೆ ಉಳಿಯುತ್ತದೆ.

"ಇನ್ನೂ ತಡ ಮಾಡಿದ್ರೆ ಇಷ್ಟರಲ್ಲಿ ಮುಗೀತಿರ್ಲಿಲ್ಲ. ಯಾರಮ್ಮ ಕರ್ಕೊಂಡು ಬಂದಿದ್ದು?"

"ನನ್ನ ಟೈಲರು" ಎಂದಳು ನಾದಿನಿ. ಮನೆಗೆ ಬಂದು ಬಾಗಿಲಲ್ಲಿ ನಿಂತು ಕೇಳಿದಳು:

"ಅತ್ತಿಗೆ, ಒಂದು ಕಡೆ ಪಾಯಿಂಟೇ ಇಲ್ಲದಿದ್ರೆ ಅಳತೆ ಎಲ್ಲಿಗೆ ಹಿಡೀತೀಯ?"

"ಭುಜ ಇದೆ, ಕುತ್ತಿಗೆ ಇದೆ, ಸೊಂಟ ಇದೆ. ಎಲ್ಲಿಗೋ ಹಿಡ್ಕೋತೀನಿ. ನೀನು ಇರು, ಸಾಕು."

ಆಪರೇಷನ್ ಆಯಿತು. ಕಿರಣದ ಚಿಕಿತ್ಸೆಯಲ್ಲಿ ಚರ್ಮ ಬಿಸಿಲಿಗೆ ಬೆಂದಂತೆ ಕೆಂಪಾಯಿತು. ಯಾವ ಬಟ್ಟೆಯ ಅಂಚು ತಾಗಿದರೂ ನಾದಿನಿ ಹಲ್ಲು ಕಚ್ಚುತ್ತಿದ್ದಳು. ಆಗ ಟೈಲರಮ್ಮ ಗೂಡಿನಿಂದ ಆ ಹೊಲಿಗೆಯಿಲ್ಲದ ರವಿಕೆಯ ಕಾಗದದ ಮಾದರಿ ಹೊರಗೆ ತೆಗೆದಳು. ಅಂದು ತಪ್ಪು ಕಾರಣಕ್ಕೆ ಕಲಿತ ವಿದ್ಯೆ ಇಂದು ಸರಿಯಾದ ಕಾರಣಕ್ಕೆ ಒದಗಿತು. ಮೆತ್ತನೆ ಹತ್ತಿಯಲ್ಲಿ ಒಂದರ ಮೇಲೊಂದು ಹೊಲಿದು ಕೊಟ್ಟಳು. ನಾದಿನಿ ಹಾಕಿಕೊಂಡು ಕೈ ಮೇಲೆತ್ತಿ ಇಳಿಸಿ ನೋಡಿ, "ಏನೂ ಚುಚ್ಚಲ್ಲ" ಎಂದಳು. ಆಕೆಯ ಬಾಯಿಂದ ಹೊಗಳಿಕೆ ಬಂದದ್ದು ಆ ಎರಡೇ ಮಾತು.

ಗಾಯ ಪೂರ್ತಿ ಮಾಗಿ ಬಹಳ ದಿನವಾದ ಮೇಲೆ ಆಸ್ಪತ್ರೆಯ ನರ್ಸಮ್ಮ, ಬೇಕಿದ್ದರೆ ಹೋದ ವೃತ್ತವನ್ನು ಹಚ್ಚೆಯಲ್ಲಿ ಬರೆದುಕೊಡುತ್ತೇವೆ ಎಂದರು. "ಮ್ಯಾಚಿಂಗ್ ನೋಡೋಕೆ ಬಾ" ಎಂದು ನಾದಿನಿ ಅತ್ತಿಗೆಯನ್ನು ಎಳೆದುಕೊಂಡು ಹೋದಳು. ನರ್ಸಮ್ಮ ಬಲಗಡೆಯ ಪಕ್ಕಕ್ಕೆ ಕಂದು ಬಣ್ಣಗಳನ್ನು ಹಿಡಿದು, ಮಾಗುವಾಗ ತಿಳಿಯಾಗುತ್ತದೆಂದು ತುಸು ಗಾಢವಾದದ್ದನ್ನೇ ಆರಿಸಿದರು. ಮೊದಲ ಒಗೆತಕ್ಕೆ ಬಣ್ಣ ಬಿಡುವ ಬಟ್ಟೆ ನೋಡಿದ ಟೈಲರಮ್ಮ ಸುಮ್ಮನೆ ತಲೆಯಾಡಿಸಿದಳು. ಮುಗಿದ ಮೇಲೆ ನಾದಿನಿ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. "ಅಡ್ಡಿಯಿಲ್ಲ. ಕಣ್ಣು ಬರೆದ ಬೊಂಬೆ ಹಾಗಿದೆ" ಎಂದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಈಗ ಆಕೆ ಮತ್ತೆ ಬೇಕರಿಯ ಒಲೆಯ ಮುಂದಿದ್ದಾಳೆ. ಮೊನ್ನೆ ರವಿಕೆಯೊಂದನ್ನು ಬಿಗಿ ಮಾಡಿಸಲು ತಂದಳು. ಟೈಲರಮ್ಮ ಅಭ್ಯಾಸದಂತೆ ತಿರುವಿ ಕಿಟಕಿಗೆ ಹಿಡಿದಳು. ನಾದಿನಿ ಆಕೆಯ ಮುಖವನ್ನೇ ನೋಡಿದಳು. ಟೈಲರಮ್ಮ ಎಡಗಡೆ ನೋಡಿದಳು, ಬಲಗಡೆ ನೋಡಿದಳು, ಬೆರಳಾಡಿಸಿ ಮತ್ತೆ ಎಡಗಡೆ ನೋಡಿದಳು. ಎರಡೂ ಕಡೆ ಬೆಳ್ಳಗೆ, ಒಂದೇ ಸಮ.

"ಏನು ಕಾಣಿಸ್ತು ಅತ್ತಿಗೆ?"

"ಕಂಕುಳ ಹತ್ರ ಹೊಲಿಗೆ ಬಿಟ್ಟಿದೆ."

"ಅಂದ್ರೆ ಹೊಲಿಗೆ ತಪ್ಪು!"

"ಹೂಂ. ಹೊಲಿಗೇದೇ ತಪ್ಪು."

"ಕೂಗಲಾ?"

"ಕೂಗೇ ಮಾರಾಯ್ತಿ, ಗಟ್ಟಿಯಾಗಿ ಕೂಗು."

ನಾದಿನಿ ಬಾಗಿಲಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ನಮ್ಮ ಅತ್ತಿಗೆಗೆ ಹೊಲಿಯೋಕೆ ಬರಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಸಾರಿದಳು. ಚಪ್ಪಲಿ ರಿಪೇರಿಯವನು ತಲೆಯೆತ್ತಿ ನೋಡಿದ. ಒಳಗೆ ಟೈಲರಮ್ಮ ನಗುತ್ತಾ ಸೂಜಿಗೆ ದಾರ ಪೋಣಿಸುತ್ತಿದ್ದಳು. ಕಣ್ಣು ಮಂಜಾಗಿ ದಾರ ಸೂಜಿಯ ಕಣ್ಣಿಗೆ ಹೋಗುತ್ತಲೇ ಇರಲಿಲ್ಲ.