ಐದು ಪವನ್ ಬೆಲೆಯ ಎರಡು ಕಾಯಿನ್

ಕೊರೊನಾ ಕಳೆದು ಮದುವೆಗಳು ಮೊದಲಿನಂತೆ ಜೋರಾದ ವರ್ಷಗಳವು. ನಾನು ಕುಂಬ್ರದಲ್ಲಿದ್ದುಕೊಂಡು ಸುಳ್ಯ, ಕಡಬದವರೆಗಿನ ಬ್ಯಾರಿ ಮುಸ್ಲಿಮರ ಮನೆಗಳಿಗೆ ಮದುವೆ ಸಂಬಂಧ ಕೂಡಿಸುತ್ತಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಹಿಡಿದ ಕೆಲಸ. ಗಂಡಸರ ಎದುರು ನನಗೆ ಮಾತು ಬಾರದು. ಅಡುಗೆಮನೆಯಲ್ಲಿ ಹೆಂಗಸರ ಜೊತೆ ಕುಳಿತೇ ಎಲ್ಲ ಮುಗಿಸುತ್ತಿದ್ದೆ. ಒಂದು ಸಲ ಮಾತ್ರ ಗಂಡಸರು ಕೂರುವ ಚಾವಡಿಗೆ ಬರಬೇಕಾಯಿತು. ಮೊಮ್ಮಕ್ಕಳೇ, ಅದನ್ನು ನಿಮಗಾಗಿ ಬರೆದಿಡುತ್ತೇನೆ.

ಹುಡುಗಿ ಬೆಟ್ಟಂಪಾಡಿಯ ಹಾಜಿಯವರ ಮಗಳು ಮುಬೀನಾ. ಹುಡುಗ ಈಶ್ವರಮಂಗಲದ ಸಾರಮ್ಮನ ಮಗ ಶಮೀರ್, ದುಬೈಯ ಗೋದಾಮಿನಲ್ಲಿ ಕೆಲಸ. ಮಹರ್, ಅಂದರೆ ನಿಕಾಹ್‌ನಲ್ಲಿ ಗಂಡು ಹೆಣ್ಣಿಗೆ ಕೊಡಲೇಬೇಕಾದದ್ದು, ನಮ್ಮಲ್ಲಿ ಹೆಚ್ಚಾಗಿ ಚಿನ್ನ. ಆದರೆ ಶಮೀರನ ಉಳಿತಾಯವೆಲ್ಲ ಇದ್ದದ್ದು ಕಂಪ್ಯೂಟರ್ ಲೆಕ್ಕದಲ್ಲಷ್ಟೇ ಇರುವ ಕ್ರಿಪ್ಟೊ ಕಾಯಿನ್‌ನಲ್ಲಿ. ನಿಶ್ಚಯದ ದಿನ ಫೋನಿನಲ್ಲಿ ಹೇಳಿದ: "ಐದು ಪವನ್ ಬೆಲೆಯ ಎರಡು ಕಾಯಿನ್ ಕೊಡ್ತೇನೆ." ಪವನ್ ಅಂದರೆ ಎಂಟು ಗ್ರಾಂ ಚಿನ್ನ. ಎಲ್ಲರೂ ಒಪ್ಪಿ ಬಿರಿಯಾನಿ ಉಂಡರು. ಮಸೀದಿಯ ಉಸ್ತಾದರು ಒಂದೇ ಮಾತು ಹೇಳಿದ್ದರು: ಮಹರ್ ಎಷ್ಟೆಂದು ಖಚಿತವಾಗಿರಬೇಕು, ಹುಡುಗಿ ಒಪ್ಪಬೇಕು.

ತಿಂಗಳೊಳಗೆ ಕಾಯಿನ್ ಬೆಲೆ ಏರಿತು. ಎರಡು ಕಾಯಿನ್‌ಗೆ ಏಳು ಪವನ್ ಬರುವಷ್ಟಾಯಿತು. ಸಾರಮ್ಮ ನನ್ನನ್ನು ಕರೆಸಿ, "ಐದು ಪವನ್ ಅಂತ ಅಲ್ವಾ ಮಾತಾದದ್ದು? ಅಷ್ಟೇ ಕೊಡುದು" ಎಂದಳು. ಹಾಜಿಯವರು, "ಎರಡು ಕಾಯಿನ್ ಅಂತ ನನ್ನ ಕಿವಿಯಾರೆ ಕೇಳಿದ್ದೇನೆ" ಎಂದರು. ನಾನು ಬಸ್ಸಿನಲ್ಲಿ ಓಡಾಡುತ್ತಿರುವಾಗಲೇ ಬೆಲೆ ಬಿತ್ತು. ಎರಡಕ್ಕೆ ನಾಲ್ಕು ಪವನ್ ಕೂಡ ಬಾರದಷ್ಟಾಯಿತು. ಈಗ ಹಾಜಿಯವರು "ಐದು ಪವನ್" ಎಂದರು, ಸಾರಮ್ಮ "ಎರಡು ಕಾಯಿನ್" ಎಂದಳು.

"ಮೊನ್ನೆ ನೀವು ಹೇಳಿದ್ದನ್ನು ಇವತ್ತು ಅವರು ಹೇಳ್ತಾರೆ. ಅವರು ಹೇಳಿದ್ದನ್ನು ನೀವು ಹೇಳ್ತೀರಿ. ನಾನು ಯಾರ ಕಡೆಯವಳು ಮಾರಾಯ್ರೆ?" ಎಂದು ಅಡುಗೆಮನೆಯ ಬಾಗಿಲ ಮರೆಯಿಂದಲೇ ಹಾಜಿಯವರನ್ನು ಕೇಳಿದೆ. ಅವರು ನಗಲಿಲ್ಲ. "ಹಾಗಾದ್ರೆ ಈ ಸಂಬಂಧವೇ ಬೇಡ" ಎಂದುಬಿಟ್ಟರು. ಆಮಂತ್ರಣ ಹಂಚಿಯಾಗಿತ್ತು.

ಎರಡು ದಿನ ಬಿಟ್ಟು ಎರಡೂ ಮನೆಯವರನ್ನು ಹಾಜಿಯವರ ಚಾವಡಿಯಲ್ಲಿ ಕೂರಿಸಿ, ಶಮೀರನಿಗೆ ವಿಡಿಯೊ ಕಾಲ್ ಮಾಡಿಸಿದೆ. ತಲೆಯ ಸೆರಗು ಎಳೆದುಕೊಂಡು ಕೇಳಿದೆ: "ಇದರ ಬೆಲೆ ಏರುದು ಇಳಿಯುದು ಯಾಕೆ ಮಗಾ?"

ಅವನು ಬಿಡಿಸಿ ಹೇಳಿದ. ಈ ಕಾಯಿನ್‌ನ ವ್ಯವಸ್ಥೆಯಲ್ಲಿ ಸ್ಮಾರ್ಟ್ ಕಾಂಟ್ರಾಕ್ಟ್ ಎಂಬುದಿದೆ. ಬರೆದಿಟ್ಟ ಕರಾರನ್ನು ಕಂಪ್ಯೂಟರುಗಳೇ ನಡೆಸಿಕೊಡುತ್ತವೆ. ಅದರ ಶುಲ್ಕವನ್ನು ಅದೇ ಕಾಯಿನ್‌ನಲ್ಲಿ ಕೊಡಬೇಕು. ಶುಲ್ಕದ ಒಂದು ಪಾಲು ಶಾಶ್ವತವಾಗಿ ಅಳಿದುಹೋಗುತ್ತದೆ. ಅದಕ್ಕೆ ಬರ್ನ್ ಎನ್ನುತ್ತಾರೆ. ತಮ್ಮ ಕಾಯಿನ್ ಒತ್ತೆಯಿಟ್ಟು ವ್ಯವಸ್ಥೆಯನ್ನು ಕಾಯುವವರಿಗೆ ಹೊಸ ಕಾಯಿನ್ ಸಿಗುತ್ತದೆ, ಅದು ಸ್ಟೇಕಿಂಗ್. ಬಳಕೆ ಬಹಳ ಹೆಚ್ಚಿದರೆ ಹುಟ್ಟುವುದಕ್ಕಿಂತ ಅಳಿಯುವುದೇ ಹೆಚ್ಚಾಗಿ ಒಟ್ಟು ಸಂಖ್ಯೆ ಇಳಿಯಬಹುದು. ಬಳಕೆ ತಗ್ಗಿದರೆ ಬೆಳೆಯುತ್ತದೆ. ಆದರೆ ಬೆಲೆ ಅದೊಂದರಿಂದಲೇ ಅಲ್ಲ. ಕೊಳ್ಳುವವರ ಆಸೆ, ಮಾರುವವರ ಹೆದರಿಕೆ, ಸರಕಾರಗಳ ನಿಯಮ, ದೊಡ್ಡ ಹಣದವರು ಬಂದು ಹೋಗುವುದು, ಎಲ್ಲ ಸೇರಿ.

"ಮದುವೆ ದಿನ ಎಷ್ಟಿರ್ತದೆ?" ಎಂದೆ.

"ಅದು ಯಾರಿಗೂ ಗೊತ್ತಿಲ್ಲ."

ಬಾಗಿಲ ಮರೆಯಲ್ಲಿದ್ದ ಮುಬೀನಾ ಆಗ ಹೊರಗೆ ಬಂದಳು. "ಹಾಗಾದ್ರೆ ಖಚಿತ ಇರುದು ಎರಡು ಅನ್ನುದು ಮಾತ್ರ. ಉಸ್ತಾದರು ಕೇಳಿದ್ದೂ ಅದನ್ನೇ ಅಲ್ವಾ? ನಾನು ಎರಡು ಕಾಯಿನ್‌ಗೆ ಒಪ್ಪಿದೆ. ನಿಕಾಹ್‌ಗೆ ಮೊದಲು ನನ್ನ ಫೋನಿಗೆ ಬರ್ಬೇಕು, ಪಾಸ್‌ವರ್ಡ್ ನನ್ನ ಹತ್ರವೇ ಇರ್ಬೇಕು."

"ಇನ್ನೂ ಬಿದ್ರೆ ಎಂತ ಮಾಡುದು?" ಹಾಜಿಯವರು ಕೇಳಿದರು.

"ಬಿದ್ರೂ ನನ್ನದು ಉಪ್ಪಾ, ಎದ್ರೂ ನನ್ನದು. ನೀವು ಯಾಕೆ ದಿನಾ ರೇಟು ನೋಡುದು?" ಎಂದಳು ಅಪ್ಪನಿಗೆ.

ಮೊದಲು ನಕ್ಕದ್ದು ಸಾರಮ್ಮ. "ನನ್ನ ಮಗನಿಗೆ ಸರಿಯಾದವಳೇ ಸಿಕ್ಕಿದ್ಲು!"

ಹಾಜಿಯವರೂ ಒಪ್ಪಿದರು, ನಿಕಾಹ್ ನಡೆಯಿತು. ಆ ದಿನ ಬೆಲೆ ಎಷ್ಟಿತ್ತೋ, ನಾನು ಕೇಳಲಿಲ್ಲ.

ಆಮೇಲೆ ನಾನು ಕೂಡಿಸಿದ ಒಂದು ಸಂಬಂಧದಲ್ಲೂ ಇಂಥ ಜಗಳವಾಗಲಿಲ್ಲ. ನಾಳೆ ನಿಮ್ಮ ಮದುವೆಯ ಮಾತುಕತೆಯಲ್ಲೂ ಯಾರಾದರೂ ಒಂದೇ ವಾಕ್ಯದಲ್ಲಿ ಎರಡು ಅಳತೆ ಹೇಳಿದರೆ, ನಾಚಿಕೆಪಡಬೇಡಿ. ಬಿರಿಯಾನಿ ಬಡಿಸುವ ಮೊದಲೇ ಕೇಳಿ: ಎರಡರಲ್ಲಿ ಯಾವುದು?