ಪುಟಕ್ಕೆ ಹೊಂದಿಸಿದ ಸಿದ್ದಣ್ಣನ ಗೇಣು

ಸ್ನೇಹಿತರೇ, ಚನ್ನರಾಯಪಟ್ಟಣದ ನಮ್ಮ ವರ್ಕ್‌ಶಾಪಿನಲ್ಲಿ ಇಂದು ಬೆಳಗ್ಗೆ ತಂತ್ರಜ್ಞಾನಕ್ಕೆ ಘೋರ ಅವಮಾನವಾಗಿದೆ.

ತೆಂಗಿನಕಾಯಿ ಸುಲಿಯುವ ಯಂತ್ರ ಹೇಗಿರಬೇಕು ಅಂತ ಗಿರಾಕಿ ಹೇಳಿದ್ದನ್ನೆಲ್ಲ ದಾಖಲಿಸಿ ವರದಿ ಕೊಡುವ ಸಾಫ್ಟ್‌ವೇರ್ ನಮ್ಮಲ್ಲಿದೆ. ಆ ವರದಿಗೆ ಈ ಸಲದ ಗಿರಾಕಿ, ಬಾಗೂರಿನ ಪುಟ್ಟಸ್ವಾಮಣ್ಣ ಸಹಿ ಹಾಕಿದರೆ ಮಾತ್ರ ಆರ್ಡರ್ ನಮ್ಮದು. ಆದರೆ ‘ಕಾಯಿ ಹಾಕುವ ಬಾಯಿ ಚಿತ್ರದಲ್ಲಿ ತೋರಿಸಿದಷ್ಟು ಅಗಲ’ ಎಂದಿದ್ದ ಕಡೆ ಚಿತ್ರವೇ ಇರಲಿಲ್ಲ.

ನಾನು ಶ್ರದ್ಧಾಭಕ್ತಿಯಿಂದ ಸೆಟ್ಟಿಂಗ್ಸ್ ತೆರೆದು ‘ವರದಿಯಲ್ಲಿ ಚಿತ್ರ ಸೇರಿಸು’, ‘ಪುಟಕ್ಕೆ ಹೊಂದಿಸು’ ಎರಡಕ್ಕೂ ಟಿಕ್ ಹಾಕಿ ಪ್ರಿಂಟ್ ತೆಗೆದೆ. ಚಿತ್ರ ಬಂತು. ನಮ್ಮ ಫಿಟ್ಟರ್ ಸಿದ್ದಣ್ಣ ಮಾದರಿ ಯಂತ್ರದ ಬಾಯಿಗೆ ಗೇಣು ಹಾಕಿ ಅಳತೆ ತೋರಿಸುತ್ತಿದ್ದ ಫೋಟೊ ಅದು. ಪುಟಕ್ಕೆ ಹೊಂದಿಕೊಳ್ಳುವ ಭರದಲ್ಲಿ ಗೇಣು ಬೆಂಕಿಪೊಟ್ಟಣದಷ್ಟಾಗಿತ್ತು.

ಪುಟ್ಟಸ್ವಾಮಣ್ಣ ಪೆನ್ನು ಕೆಳಗಿಟ್ಟರು. “ಲೇ, ಇದ್ರೊಳಕ್ಕೆ ಕಾಯಿ ಓಯ್ತದೇನ್ಲಾ? ನಿಂಬೆಹಣ್ಣು ಸುಲಿಯಾ ಮಿಷನ್ನಾ ನಾನ್ ಕೇಳಿದ್ದು?”

“ಚಿತ್ರ ಸಣ್ಣದಾಗೈತೆ ಕಣಣ್ಣಾ, ನಿಜವಾದ ಗೇಣು ದೊಡ್ದು.”

“ಅಂಗಾದ್ರೆ ನಿಜವಾದ್ದನ್ನೇ ಕರಿ!”

ಎಂಜಿನ್ ಬಿಚ್ಚುತ್ತಿದ್ದ ಸಿದ್ದಣ್ಣ ಹಾಗೇ ಎದ್ದು ಬಂದ. ಗ್ರೀಸ್ ಮೆತ್ತಿದ ಕೈಯನ್ನು ಅಗಲಿಸಿ ವರದಿಯ ಮೇಲೆ ಪಟ್ಟಂತ ಊರಿದ. “ನೋಡ್ಕಳಣ್ಣೋ, ಇಷ್ಟು!”

ಪುಟ್ಟಸ್ವಾಮಣ್ಣನ ಮುಖ ಅರಳಿತು. “ಇದಪ್ಪಾ ಚಿತ್ರ ಅಂದ್ರೆ!” ಎಂದವರೇ ಆ ಕಪ್ಪು ಹಸ್ತದ ಪಕ್ಕದಲ್ಲೇ ಸಹಿ ಜಡಿದರು.

ಆದ್ದರಿಂದ ಸಾರ್ವಜನಿಕರಲ್ಲಿ ವಿನಂತಿ: ವರದಿಯ ಎರಡನೇ ಪ್ರತಿ ಬೇಕಾದವರು ಸಿದ್ದಣ್ಣ ಕೈ ತೊಳೆಯುವುದರೊಳಗೆ ತಿಳಿಸತಕ್ಕದ್ದು.